ನಕ್ಷತ್ರಕ್ಕೂ ಬೀಳುವುದು ಸುಲಭವಲ್ಲ

ನಮ್ಮ ಮನೆಯಲ್ಲಿ ಅಕ್ಕ ತಂಗಿಯಾದಳು, ತಂಗಿ ಅಕ್ಕನಾದಳು. ಅದಕ್ಕೆ ಒಂದು ನಕ್ಷತ್ರ ಕಾರಣ. ಪಾಪ, ನಕ್ಷತ್ರದ್ದು ಅದರಲ್ಲಿ ಏನೂ ತಪ್ಪಿಲ್ಲ ಎಂದು ಭೌತವಿಜ್ಞಾನ ಕಲಿಸಿ ಹೊಟ್ಟೆ ಹೊರೆಯುವ ನಾನು ಎಷ್ಟು ಸಲ ಹೇಳಿದರೂ ಅವ್ವ ಒಪ್ಪುವುದಿಲ್ಲ.

ಅವ್ವ ಮತ್ತು ಅವಳ ತಂಗಿ, ಅಂದರೆ ನನ್ನ ಚಿಗವ್ವ, ಮಲಪ್ರಭೆಯ ದಂಡೆಯ ಮನೋಳಿಯವರು. ಅವರಿಬ್ಬರನ್ನು ಬೈಲಹೊಂಗಲದ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಡುವುದೆಂದು ಮಾತಾಗಿತ್ತು. ಅಕ್ಕ ಅಣ್ಣನಿಗೆ, ತಂಗಿ ತಮ್ಮನಿಗೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿತ್ತು? ಆದರೆ ಮನೆಗೆ ಬರುವ ಅಯ್ಯನವರು ಪಂಚಾಂಗ ಬಿಚ್ಚಿ, ದೊಡ್ಡ ಹುಡುಗಿಯದು ವಿಶಾಖಾ ನಕ್ಷತ್ರ, ವಿಶಾಖೆಯ ಹೆಣ್ಣು ಮೈದುನನಿಗೆ ಆಗಿಬರುವುದಿಲ್ಲ ಎಂದುಬಿಟ್ಟರು. ಮಾತು ಮುರಿದೇ ಹೋಗುತ್ತಿತ್ತು. ಅಷ್ಟರಲ್ಲಿ ಕೂತವರಲ್ಲಿ ಒಬ್ಬ ಜಾಣ ತಲೆ ಓಡಿಸಿದನಂತೆ. ಮೈದುನನೇ ಇಲ್ಲದವನಿಗೆ ಅವಳನ್ನು ಕೊಟ್ಟರಾಯಿತಲ್ಲ? ತಮ್ಮನಿಗೆ ತಮ್ಮನಿರಲಿಲ್ಲ. ಹೀಗೆ ಒಂದೇ ಹಂದರದಲ್ಲಿ, ಒಂದೇ ದಿನ, ಅಕ್ಕ ತಮ್ಮನ ಹೆಂಡತಿಯಾದಳು, ತಂಗಿ ಅಣ್ಣನ ಹೆಂಡತಿಯಾದಳು. ಎಲ್ಲರೂ ಆ ಜಾಣನ ಬುದ್ಧಿಯನ್ನು ಹೊಗಳಿ ಊಟ ಮಾಡಿ ಎದ್ದರು.

ಊಟ ಜೀರ್ಣವಾಯಿತು, ಲೆಕ್ಕ ಜೀರ್ಣವಾಗಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಟ್ಟುನಿಟ್ಟಿನ ಹೆಂಗಸು. ಹಿರಿಸೊಸೆ ಎಂದರೆ ಹಿರಿಸೊಸೆ, ಹುಟ್ಟಿದ ದಿನ ಯಾರಿಗೆ ಬೇಕು ಎಂದಳು. ಉಡಿ ತುಂಬುವಾಗ ಮೊದಲು ಚಿಗವ್ವನಿಗೆ, ಆಮೇಲೆ ಅವ್ವನಿಗೆ. ಮನೆಗೆ ಬಂದವರು ಮೊದಲು ಚಿಗವ್ವನ ಕಾಲು ಮುಟ್ಟಬೇಕು. ಅದೆಲ್ಲ ಹೋಗಲಿ, ಕಿರಿಸೊಸೆ ಹಿರಿಸೊಸೆಯನ್ನು ‘ಅಕ್ಕ’ ಎನ್ನುವುದು ಪದ್ಧತಿ. ಅವ್ವ ತಾನು ಎತ್ತಿ ಆಡಿಸಿದ, ಜಡೆ ಹಾಕಿದ, ಹೇನು ತೆಗೆದ ತಂಗಿಯನ್ನು ಮಂದಿಯ ಮುಂದೆ ‘ಅಕ್ಕಾ’ ಎಂದು ಕರೆಯತೊಡಗಿದಳು. ಚಿಗವ್ವನ ಪಾಡು ಇನ್ನೂ ಕಷ್ಟದ್ದು. ಅಕ್ಕನನ್ನು ಅಕ್ಕ ಎಂದರೆ ಅತ್ತೆ ಬಯ್ಯುತ್ತಾಳೆ, ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಅವಳು ಅವ್ವನನ್ನು ಏನೂ ಕರೆಯದೆ ಇಡೀ ಸಂಸಾರ ಮಾಡಿದಳು. “ಏ, ಇಲ್ನೋಡಿಲ್ಲೆ” ಎನ್ನುವಳು, ಇಲ್ಲವೇ ಬಳೆ ಸಪ್ಪಳ ಮಾಡುವಳು. ಆಯಿ ತೀರಿಕೊಂಡ ಮೇಲೂ ಹಾಗೇ ನಡೆಯಿತು.

ನನಗೂ ಅವಳನ್ನು ಕರೆಯುವುದಕ್ಕೆ ಎರಡು ದಾರಿಯಿದ್ದವು. ಬೈಲಹೊಂಗಲದಲ್ಲಿ ದೊಡ್ಡಪ್ಪನ ಹೆಂಡತಿ, ಹಾಗಾಗಿ ದೊಡ್ಡವ್ವ. ಮನೋಳಿಗೆ ಹೋದರೆ ಅವ್ವನ ತಂಗಿ, ಹಾಗಾಗಿ ಚಿಗವ್ವ. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿಯೇ ಅವಳೂ ಬದಲಾಗುತ್ತಾಳೆ ಎಂದು ನಾನು ಸಣ್ಣವಳಿದ್ದಾಗ ಗಟ್ಟಿಯಾಗಿ ನಂಬಿದ್ದೆ. ನಂಬಲು ಕಾರಣವೂ ಇತ್ತು. ಬೈಲಹೊಂಗಲದಲ್ಲಿ ಬಸ್ಸು ಹತ್ತುವಾಗ ಮುಂದೆ ಚಿಗವ್ವ, ಹಿಂದೆ ಅವ್ವ. ಮನೋಳಿಯಲ್ಲಿ ಇಳಿದೊಡನೆ ಮುಂದೆ ಅವ್ವ, ಹಿಂದೆ ಚಿಗವ್ವ. ತವರಿನಲ್ಲಿ ಅವ್ವನ ಕೊರಳೇ ಬೇರೆ. ಅಲ್ಲಿ ತಂಗಿಗೆ ಕೆಲಸ ಹೇಳುವಳು, ಬಯ್ಯುವಳು, ಹೊಳೆಗೆ ಕರೆದುಕೊಂಡು ಹೋಗುವಳು. ಆದರೂ ಚಿಗವ್ವನ ಬಾಯಿಂದ ‘ಅಕ್ಕ’ ಮಾತ್ರ ಅಲ್ಲಿಯೂ ಹೊರಡುತ್ತಿರಲಿಲ್ಲ. ನಾನೂ ಈಗ ಅವಳನ್ನು ಚಿಗವ್ವ ಎಂದೇ ಬರೆಯುತ್ತೇನೆ, ಆಯಿ ಮೇಲಿಂದ ನೋಡುತ್ತಿದ್ದರೆ ನೋಡಲಿ.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು, ಜಗಳವಿಲ್ಲದೆ. ಅದೇ ಓಣಿಯಲ್ಲಿ ನಾಲ್ಕು ಬಾಗಿಲು ಆಚೆ ದೊಡ್ಡಪ್ಪ ಮನೆ ಕಟ್ಟಿಸಿದ. ದಸರೆಯ ದಿನ ಸಂಜೆ ನಮ್ಮ ಕಡೆ ಬನ್ನಿ ಕೊಡುವುದು ಗೊತ್ತಲ್ಲ. ಸಣ್ಣವರು ದೊಡ್ಡವರ ಮನೆಗೆ ಹೋಗಿ, ಬನ್ನಿಯ ಎಲೆ ಕೈಗಿಟ್ಟು, ಕಾಲು ಮುಟ್ಟಿ, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು’ ಅನ್ನಬೇಕು. ವರ್ಷವಿಡೀ ಮಾತು ಬಿಟ್ಟವರು ಅಂದು ಮಾತಾಡುತ್ತಾರೆ. ಅಪ್ಪ, ದೊಡ್ಡಪ್ಪ ಇರುವವರೆಗೆ ತೊಂದರೆಯಿರಲಿಲ್ಲ. ಎಲ್ಲರೂ ಕೂಡಿ ಊರ ಹೊರಗಿನ ಬನ್ನಿ ಗಿಡದ ಹತ್ತಿರ ಹೋಗುತ್ತಿದ್ದರು, ಅಕ್ಕತಂಗಿಯರು ಅಲ್ಲೇ ಎಲೆ ಕೈಬದಲು ಮಾಡಿಕೊಳ್ಳುತ್ತಿದ್ದರು. ಯಾರೂ ಯಾರ ಮನೆಗೂ ಹೋಗಬೇಕಿರಲಿಲ್ಲ. ಗಂಡಂದಿರು ಇಬ್ಬರೂ ಹೋದ ಮೇಲೆ ಬಂದ ಮೊದಲ ದಸರೆಗೆ ಪ್ರಶ್ನೆ ಎದ್ದಿತು. ಯಾರು ಯಾರ ಮನೆಗೆ ಹೋಗಬೇಕು?

ಅವ್ವ ಕಟ್ಟೆಯ ಮೇಲೆ ಕೂತು ಕಾದಳು, ಹುಟ್ಟಿನಲ್ಲಿ ತಾನು ದೊಡ್ಡವಳು ಎಂದು. ಚಿಗವ್ವ ತನ್ನ ಪಡಸಾಲೆಯಲ್ಲಿ ಕೂತು ಕಾದಳು, ಮನೆತನದಲ್ಲಿ ತಾನು ದೊಡ್ಡವಳು ಎಂದು. ಇಬ್ಬರ ತಟ್ಟೆಯಲ್ಲೂ ಬನ್ನಿ ಬಾಡಿತು. ಮರುದಿನ ಇಬ್ಬರೂ ಮಾತಾಡಲಿಲ್ಲ. ಮರುವರ್ಷವೂ ಹಾಗೇ ಆಯಿತು. ಜಗಳವೆಂದರೆ ಜಗಳವಲ್ಲ. ಹೋಳಿಗೆ ಮಾಡಿದರೆ ಡಬ್ಬಿ ಇಲ್ಲಿಂದ ಹೋಗುತ್ತದೆ, ಖಾಲಿ ಕೊಡಬಾರದೆಂದು ಅಲ್ಲಿಂದ ಶೇಂಗಾ ಚಟ್ನಿ ತುಂಬಿ ಬರುತ್ತದೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ನನ್ನನ್ನು ಓಡಿಸುತ್ತಾಳೆ. ಮಾತು ಮಾತ್ರ ಇಲ್ಲ. ಡಬ್ಬಿ ಹೊರುವ ನನಗೆ ಕೆಲವೊಮ್ಮೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಇಬ್ಬರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಬೇಕೆನಿಸುತ್ತಿತ್ತು.

ಈ ಸಲದ ದಸರೆಗೆ ಮುಂಚೆ ಸುದ್ದಿ ಬಂತು. ಸುರೇಬಾನದಲ್ಲಿರುವ ಚಿಗವ್ವನ ಮಗಳಿಗೆ ಅವಳಿ ಮಕ್ಕಳು. ಚಿಗವ್ವ ಹಬ್ಬ ಮುಗಿಸಿ ಅಲ್ಲಿಗೇ ಹೋಗುವವಳು, ಇರುವುದಕ್ಕೇ ಹೋಗುವವಳು. ಮನೆ ಬಾಡಿಗೆಗೆ ಕೊಟ್ಟಾಗಿತ್ತು. ಅವಳೇನೂ ಅಳುತ್ತಿರಲಿಲ್ಲ, ಮೊಮ್ಮಕ್ಕಳ ಖುಷಿಯಲ್ಲಿ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ನಮ್ಮ ಮನೆಯೊಂದನ್ನು ಬಿಟ್ಟು.

ಅದೇ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ನಾನು ಕಲಿಸುವುದು ಕಿತ್ತೂರಿನ ಒಂದು ಕಾಲೇಜಿನಲ್ಲಿ. ರಜೆಗೆ ಮುಂಚಿನ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ನಮ್ಮ ಗ್ಯಾಲಕ್ಸಿ ನಡುವ ಅಷ್ಟು ದೊಡ್ಡ ಕಪ್ಪುರಂಧ್ರ ಐತಿ ಅಂತೀರಿ. ಮತ್ತ ನಕ್ಷತ್ರ ಎಲ್ಲಾ ಅದರಾಗ ಯಾಕ ಬಿದ್ದಿಲ್ಲರಿ?” ಎಂದಿದ್ದಳು. ಗಂಟೆ ಹೊಡೆದು ನನ್ನನ್ನು ಉಳಿಸಿತು. ರಜೆ ಮುಗಿದ ಮೇಲೆ ಒಂದು ಪೂರ್ತಿ ತಾಸು ಅದನ್ನೇ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ಹೇಳುವುದನ್ನು ಯಾರ ಮೇಲಾದರೂ ತಿದ್ದಿಕೊಳ್ಳಬೇಕಲ್ಲ, ಅವ್ವ ಸಿಕ್ಕಳು.

ನವರಾತ್ರಿಯ ಸಂಜೆಗಳು. ದೇವರ ಮುಂದೆ ಕೂರಿಸಿದ ಘಟ್ಟದ, ಅಂದರೆ ಕಲಶದ, ದೀಪಕ್ಕೆ ಎಣ್ಣೆ ಹಾಕಿ ಅವ್ವ ಹಿತ್ತಲಿಗೆ ಬರುತ್ತಿದ್ದಳು. ಅಲ್ಲಿ ನನ್ನದೊಂದು ಹೊರಸು, ಅವಳದೊಂದು ಹೊರಸು. ಇಬ್ಬರೂ ಅಂಗಾತ ಬಿದ್ದುಕೊಂಡರೆ ಹೊರಸಿನ ಹಗ್ಗ ಸ್ವಲ್ಪ ಹೊತ್ತು ಕಿರುಗುಟ್ಟಿ ಸುಮ್ಮನಾಗುತ್ತಿತ್ತು. ಓಣಿಯ ದೀಪ ಮನೆಯ ಮುಂದಕ್ಕೆ, ಹಿತ್ತಲಿಗೆ ಕತ್ತಲು. ಮಳೆ ತೊಳೆದು ಹೋದ ಆಕಾಶ. ಯಾರ ಮನೆಯಲ್ಲೋ ಒಗ್ಗರಣೆ ಚಟಪಟ. ಸ್ವಲ್ಪ ಹೊತ್ತಿಗೆ ಮೈ ಹಗುರಾಗಿ, ನಾವು ಆಕಾಶವನ್ನು ಕೆಳಗಿನಿಂದ ನೋಡುತ್ತಿದ್ದೇವೋ ಮೇಲಿನಿಂದ ಬಗ್ಗಿ ನೋಡುತ್ತಿದ್ದೇವೋ ತಿಳಿಯದಾಗುತ್ತಿತ್ತು.

ಅವ್ವನಿಗೆ ನಕ್ಷತ್ರಗಳ ಹೆಸರು ಗೊತ್ತು, ಆದರೆ ಬೇರೆ ರೀತಿಯಲ್ಲಿ. ನೈರುತ್ಯದಲ್ಲಿ ಕೆಂಪಗೆ ಮಿನುಗುವುದನ್ನು ತೋರಿಸಿ ಜ್ಯೇಷ್ಠಾ ಎಂದರೆ, “ಭಾವಗ ಆಗೂದಿಲ್ಲ” ಎನ್ನುತ್ತಾಳೆ. ಅದರ ಎಡಕ್ಕೆ ಚೇಳಿನ ಬಾಲದ ಹಾಗೆ ಬಾಗಿದ್ದು ಮೂಲಾ ಎಂದರೆ, “ಮಾವಗ ಆಗೂದಿಲ್ಲ” ಎನ್ನುತ್ತಾಳೆ. ಆಕಾಶಕ್ಕೆ ನಮ್ಮ ಬೀಗರನ್ನು ಕಾಡುವುದು ಬಿಟ್ಟು ಬೇರೆ ಉದ್ಯೋಗವೇ ಇಲ್ಲವೇನೋ ಎಂದು ನಾನು ನಗುತ್ತಿದ್ದೆ. ವಿಶಾಖೆ ಆ ಹೊತ್ತಿಗೆ ಪಡುವಣದಲ್ಲಿ ತೀರ ಕೆಳಗಿಳಿದು ಪಕ್ಕದ ಮನೆಯ ಬೇವಿನ ಗಿಡದ ಹಿಂದೆ ಹೋಗಿರುತ್ತಿತ್ತು. “ನಂದು ಯಾವಾಗಲೂ ಹಿಂದನ” ಎಂದಳು ಅವ್ವ.

ಮೂಲಾ ನಕ್ಷತ್ರದ ಆಚೆ, ಹಾಲು ಚೆಲ್ಲಿದಂಥ ಬೆಳಕಿನಲ್ಲಿ ಒಂದು ಕಡೆ ಬೆರಳು ಮಾಡಿ, ಅಲ್ಲೇ ನಮ್ಮ ಗ್ಯಾಲಕ್ಸಿಯ ನಡುಮಧ್ಯ ಎಂದು ತೋರಿಸಿದೆ. ಅಲ್ಲೊಂದು ಕಾಣದ ವಸ್ತು ಇದೆ, ನಲವತ್ತು ಲಕ್ಷ ಸೂರ್ಯರ ತೂಕದ್ದು, ಅದರ ಸುತ್ತ ನಕ್ಷತ್ರಗಳು ಸಂತೆಯ ಹಾಗೆ ನೆರೆದಿವೆ ಎಂದೆ.

“ಅಷ್ಟು ದೊಡ್ಡದು ನಡುವ ಕುಂತೈತಿ, ಮತ್ತ ಇವು ಯಾಕ ಬೀಳೂದಿಲ್ಲ?” ಹಿಂದಿನ ಬೆಂಚಿನ ಹುಡುಗಿಯದೇ ಪ್ರಶ್ನೆ.

“ಬೀಳಾಕ ಹತ್ಯಾವವ್ವಾ. ಬೀಳತಾ ಬೀಳತಾ ಗುರಿ ತಪ್ಪಸಕೋತಾವು. ನಡುವಿನದು ಎಳೀತೈತಿ, ಖರೆ. ಆದರ ಪ್ರತಿಯೊಂದು ನಕ್ಷತ್ರಕ್ಕೂ ಅಡ್ಡ ಹೋಗೂ ವೇಗ ಒಂದಿರತೈತಿ. ಆ ಅಡ್ಡ ವೇಗದಿಂದ ಹತ್ರ ಬಂದು, ಬಾಜೂಕ ಹಾದು, ಮತ್ತ ದೂರ ಹೋಗತಾವು. ಮತ್ತ ಬರತಾವು, ಮತ್ತ ಹೋಗತಾವು.”

“ಅಡ್ಡ ವೇಗ ಅಂತೀ ಯಾಕ, ಸೊಕ್ಕು ಅನ್ನು” ಎಂದಳು ಅವ್ವ.

ನಾನು ನಕ್ಕುಬಿಟ್ಟೆ. ತರಗತಿಯಲ್ಲಿ ಕೋನೀಯ ಸಂವೇಗ ಎಂದು ಹೇಳಿ ಎಷ್ಟೋ ಮಕ್ಕಳ ಮುಖ ಬಾಡಿಸಿದ್ದೇನೆ. ಸೊಕ್ಕು ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಆದರೆ ಪರೀಕ್ಷೆಯಲ್ಲಿ ಹಾಗೆ ಬರೆದರೆ ನಾನೇ ಅಂಕ ಕೊಡುವುದಿಲ್ಲ.

ಮರುದಿನ ಸಂಜೆ ಅವಳೇ ಕೇಳಿದಳು. “ಮತ್ತ ಬೀಳೂವು ಹೆಂಗ ಬೀಳತಾವು? ಒಂದೂ ಬೀಳೂದಿಲ್ಲೇನು?”

ಬೀಳುತ್ತವೆ, ಆದರೆ ಅದು ಯುಗಯುಗದ ಕೆಲಸ ಎಂದು ಹೇಳಿದೆ. ನಡುವಿನದು ಮತ್ತು ಒಂದು ನಕ್ಷತ್ರ, ಇಬ್ಬರೇ ಇದ್ದಿದ್ದರೆ ಎಂದೆಂದಿಗೂ ಬೀಳುತ್ತಿರಲಿಲ್ಲ, ಸುತ್ತಿದ ದಾರಿಯಲ್ಲೇ ಸುತ್ತುತ್ತಿತ್ತು. ಉಳಿದ ನಕ್ಷತ್ರಗಳು ಇವೆಯಲ್ಲ, ದೂರದಲ್ಲಿ ಹಾದು ಹೋಗುತ್ತ ಒಂದೊಂದೂ ಇದನ್ನು ತುಸು ಜಗ್ಗುತ್ತದೆ. ಒಂದು ಆ ಕಡೆಗೆ, ಒಂದು ಈ ಕಡೆಗೆ. ಒಂದೊಂದು ಜಗ್ಗಾಟ ಲೆಕ್ಕಕ್ಕೇ ಬರದಷ್ಟು ಸಣ್ಣದು. ಆದರೆ ಸುತ್ತು ಸುತ್ತಿಗೆ ಕೂಡುತ್ತ ಹೋಗಿ, ಯಾವಾಗಲೋ ಒಮ್ಮೆ, ಬೇಕೆಂದು ಅಲ್ಲ, ಆ ಅಡ್ಡ ವೇಗ ಸವೆದು ಇಲ್ಲವೆನ್ನುವಷ್ಟಾಗುತ್ತದೆ. ಆಗ ಆ ನಕ್ಷತ್ರದ ಮುಂದೆ ತೀರ ಇಕ್ಕಟ್ಟಾದ ಒಂದು ದಾರಿ ತೆರೆಯುತ್ತದೆ, ನೆಟ್ಟಗೆ ನಡುವಿಗೇ ಹೋಗುವ ದಾರಿ. ಕೂದಲೆಳೆಯಷ್ಟು ಆಚೀಚೆ ಆದರೂ ಹಾದು ಹೋಯಿತು. ನಮ್ಮದರಂಥ ಗ್ಯಾಲಕ್ಸಿಯಲ್ಲಿ ಹತ್ತಾರು ಸಾವಿರ ವರ್ಷಕ್ಕೆ ಒಂದು ನಕ್ಷತ್ರಕ್ಕೆ ಆ ದಾರಿ ಸಿಕ್ಕರೆ ಹೆಚ್ಚು.

“ತಾನಾಗೇ ಬರೂದಿಲ್ಲ ಅನ್ನು. ಮಂದಿ ದಬ್ಬಬೇಕು.”

“ಹೂಂ.”

“ಅಷ್ಟು ವರ್ಷ ನನ್ನ ಕಡೆ ಇಲ್ಲವಾ” ಎಂದಳು ಅವ್ವ. ಆಮೇಲೆ ಬೇವಿನ ಗಿಡದ ಕಡೆಗೆ ಮುಖ ತಿರುಗಿಸಿಕೊಂಡು ಹೇಳಿದಳು. “ಅಕಿ ಸುರೇಬಾನಕ್ಕ ಹೋಗೂದರಾಗ ಒಮ್ಮಿ ನನ್ನ ‘ಅಕ್ಕಾ’ ಅಂದ್ರ ಸಾಕಾಗಿತ್ತು. ಮತ್ತೇನೂ ಬ್ಯಾಡ. ಲಗ್ನ ಆದಾಗಿಂದ ಅಕಿ ಬಾಯಾಗ ಅದನ್ನ ಕೇಳಿಲ್ಲ.”

ಇಷ್ಟು ವರ್ಷ ಡಬ್ಬಿ ಹೊತ್ತ ನಾನು, ಇದು ಯಾರು ಯಾರ ಮನೆಗೆ ಹೋಗಬೇಕೆಂಬ ಹಟ ಎಂದೇ ತಿಳಿದಿದ್ದೆ. ಅವಳಿಗೆ ಬೇಕಾಗಿದ್ದುದು ಕಾಲು ಮುಟ್ಟಿಸಿಕೊಳ್ಳುವುದೂ ಅಲ್ಲ, ಮೊದಲ ಉಡಿಯೂ ಅಲ್ಲ. ಒಂದು ಕರೆ, ಅಷ್ಟೇ. ನಾನು ಹೋಗಿ ಚಿಗವ್ವನಿಗೆ ಹೇಳಲೇ ಎಂದೆ. “ಹೇಳಿಸಿ ಕರಸ್ಕೊಂಡ್ರ ಅದು ಕರದಂಗೇನು? ಸುಮ್ನಿರು” ಎಂದು ಬೈದಳು.

ಇನ್ನೊಂದು ಸಂಜೆ, ಬಿದ್ದ ನಕ್ಷತ್ರಕ್ಕೆ ಏನಾಗುತ್ತದೆ ಎಂಬುದಕ್ಕೆ ಬಂದೆವು. ಹತ್ತಿರ ಹೋದಂತೆ ನಕ್ಷತ್ರದ ಈ ಮಗ್ಗಲನ್ನು ಹೆಚ್ಚು, ಆ ಮಗ್ಗಲನ್ನು ಕಡಿಮೆ ಎಳೆದು, ಅದು ಶಾವಿಗೆಯ ಎಳೆಯ ಹಾಗೆ ಉದ್ದವಾಗಿ ಹರಿದುಹೋಗುತ್ತದೆ. ಅರ್ಧ ಹೊರಗೆ ಚಿಮ್ಮಿ ಮರಳಿ ಬಾರದೆ ಹೋಗುತ್ತದೆ. ಇನ್ನರ್ಧ ನಡುವಿನದರ ಸುತ್ತ ಸುತ್ತಿಕೊಂಡು ಕಾದು ಉರಿಯುತ್ತದೆ. ಆ ಬೆಳಕು ತಿಂಗಳುಗಟ್ಟಲೆ, ಬೇರೆ ಗ್ಯಾಲಕ್ಸಿಗಳಿಗೂ ಕಾಣುತ್ತದೆ. ಎಂದೂ ಕಾಣದೆ ಕೂತ ನಡುವಿನದು ಅಲ್ಲಿ ಇದೆ ಎಂದು ನಮಗೆ ಗೊತ್ತಾಗುವುದು ಎಷ್ಟೋ ಸಲ ಹೀಗೆ ಒಂದು ನಕ್ಷತ್ರ ಬಂದು ಬಿದ್ದಾಗ. ಆದರೆ ಇನ್ನೊಂದು ಮಾತಿದೆ. ನಡುವಿನದು ಮಿತಿ ಮೀರಿ ಭಾರವಾಗಿದ್ದರೆ, ನಮ್ಮದಕ್ಕಿಂತ ಎಷ್ಟೋ ಪಟ್ಟು, ಆಗ ನಕ್ಷತ್ರ ಹರಿಯುವುದಕ್ಕೂ ಪುರುಸೊತ್ತಿಲ್ಲ. ಇಡಿಯಾಗಿ ಒಳಗೆ ಹೋಗಿಬಿಡುತ್ತದೆ, ಬೆಳಕೂ ಇಲ್ಲ, ಸುದ್ದಿಯೂ ಇಲ್ಲ.

“ಅಷ್ಟು ಭಾರ ಆಗಬಾರದು ತಗೀ” ಎಂದಳು ಅವ್ವ.

ಚಂದ್ರ ದಿನದಿನಕ್ಕೆ ದಪ್ಪಗಾಗುತ್ತ ಬಂದ. ಅವನು ಮೂಲಾ ನಕ್ಷತ್ರಕ್ಕೆ ಬಂದು ಕೂತ ಸಂಜೆ ಹಾಲಿನ ಬೆಳಕೆಲ್ಲ ಅಳಿಸಿಹೋಗಿ, ತೋರಿಸಲು ನನ್ನ ಬಳಿ ಏನೂ ಉಳಿಯಲಿಲ್ಲ. ಆದರೂ ಅವ್ವ ಬಂದು ಮಲಗುತ್ತಿದ್ದಳು. ದಸರೆಯ ಮುನ್ನಾದಿನ, ಖಂಡೆನವಮಿಯ ಸಂಜೆ, ನಾನು ಇನ್ನೇನು ತೂಕಡಿಸಬೇಕು ಎನ್ನುವಾಗ ಕೇಳಿದಳು.

“ನಡುವ ಕುಂತಿದ್ದು ಒಟ್ಟಽ ಅಲುಗೂದಿಲ್ಲೇನು?”

ಇದನ್ನು ಆ ಹುಡುಗಿಯೂ ಕೇಳಿರಲಿಲ್ಲ. ಅಲುಗುತ್ತದೆ ಎಂದೆ. ಸುತ್ತಲಿನ ನಕ್ಷತ್ರಗಳು ಅದನ್ನೂ ಜಗ್ಗುತ್ತವೆ. ಅಷ್ಟು ಭಾರದ್ದು, ಹಾಗಾಗಿ ಅಲುಗಿದ್ದು ಕಾಣುವುದಿಲ್ಲ. ಆದರೆ ನಕ್ಷತ್ರ ಬಂದಾಗ ಅದೂ ಒಂದಿಷ್ಟು ಅದರ ಕಡೆಗೆ ಸರಿಯುತ್ತದೆ. ಸರಿಯದೆ ಇರುವುದು ಈ ಲೋಕದಲ್ಲಿ ಯಾವುದೂ ಇಲ್ಲ.

“ಹಂಗೇನು” ಎಂದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ದಸರೆಯ ಸಂಜೆ ನಮ್ಮ ಓಣಿ ಗಿಜಿಗಿಜಿ. ಪೂಜೆ ಮಾಡಿದ ಮೋಟರ್ ಸೈಕಲ್ಲುಗಳು ಚೆಂಡುಹೂ ಕಟ್ಟಿಕೊಂಡು ತಿರುಗುತ್ತಿದ್ದವು. ಹೊಸ ಅರಿವೆಯ ಮಕ್ಕಳು ಮುಷ್ಟಿಯಲ್ಲಿ ಬನ್ನಿ ಹಿಡಿದು ಮನೆಯಿಂದ ಮನೆಗೆ ಓಡುತ್ತಿದ್ದರು. ಅವ್ವ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದಳು, ಮೊಣಕಾಲು ನೋವು, ದೇಹವೂ ಭಾರ, ಎಲ್ಲರೂ ಅಲ್ಲಿಗೇ ಬಂದು ಕಾಲು ಮುಟ್ಟಿ ಹೋಗುತ್ತಿದ್ದರು. ನಾನು ಬಾಗಿಲಲ್ಲಿ ಸಕ್ಕರೆ ತಟ್ಟೆ ಹಿಡಿದು ನಿಂತಿದ್ದೆ.

ಚಿಗವ್ವ ಓಣಿಯ ಆ ತುದಿಯಿಂದ ಬಂದಳು. ಊರು ಬಿಡುವವಳು ಎಂದು ಈ ಸಲ ದೊಡ್ಡವರು ಸಣ್ಣವರು ಎನ್ನದೆ ಎಲ್ಲರ ಮನೆಗೂ ತಾನೇ ಹೋಗುತ್ತಿದ್ದಳು. ಒಂದೊಂದು ಮನೆಯೂ ಅವಳನ್ನು ಇತ್ತ ನೂಕುತ್ತಿತ್ತು. ಒಬ್ಬರು “ಇನ್ನ ಯಾವಾಗ ಬರತೀರಿ?” ಎಂದು ಕಣ್ಣೊರೆಸಿಕೊಂಡರು. ನಮ್ಮ ಪಕ್ಕದ ಮನೆಯವರು “ಬಾಜೂಕ ಹೋಗಿ ಬಂದ್ರೇನ?” ಎಂದು ಮೆಲ್ಲಗೆ ಚುಚ್ಚಿದರು. ಪಕ್ಕದ ಮನೆಯಿಂದ ಇಳಿದು ಬಂದವಳು ನಮ್ಮ ಮನೆಯ ಮುಂದೆ ಎಂದಿನ ಹಾಗೆ ಮುಖ ಅತ್ತ ಮಾಡಿ, ಓಣಿಯ ಆಚೆ ಬದಿಗೆ ದಾಟಲು ಹೊರಟಳು. ಅಡ್ಡ ವೇಗ.

ಅಷ್ಟರಲ್ಲಿ ಕಬ್ಬು ಬಾಳೆಕಂಬ ಕಟ್ಟಿಕೊಂಡ ಒಂದು ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಓಣಿಯೊಳಗೆ ನುಗ್ಗಿತು. ಓಣಿ ಅಗಲವೆಷ್ಟು? ಮಂದಿ ಎಲ್ಲ ಗೋಡೆಗೆ ಒತ್ತಿಕೊಂಡರು. ಯಾರದೋ ಭುಜ ತಾಗಿ, ಯಾರದೋ ಕೈ ಹಿಡಿದು ಎಳೆದು, ಚಿಗವ್ವ ನಮ್ಮ ಕಟ್ಟೆಯ ಬುಡಕ್ಕೆ ಬಂದು ನಿಂತಳು. ಟ್ರ್ಯಾಕ್ಟರ್ ಹೋಯಿತು. ಮಂದಿ ಚದುರಿದರು. ಅವಳು ಮಾತ್ರ ಅಲ್ಲೇ ನಿಂತಿದ್ದಳು, ಸೆರಗಿನ ತುದಿಯಲ್ಲಿ ಉಳಿದ ಬನ್ನಿ ಹಿಡಿದುಕೊಂಡು.

“ನಾ ಏನ್ ಬಂದಿಲ್ಲ” ಎಂದಳು, ನನ್ನನ್ನು ನೋಡಿ. “ದಬ್ಬಿದ್ರು.”

ಚಿಗವ್ವ ಮನೆಯ ಮುಂದೆ ಹಾದಾಗಲೆಲ್ಲ ಅವ್ವ ಒಲೆಯ ಮೇಲೆ ಹಾಲು ಇದೆ ಎಂದು ಎದ್ದು ಒಳಗೆ ಹೋಗಿಬಿಡುವಳು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ಇಂದೂ ಅವಳು ಗೋಡೆ ಹಿಡಿದು ಎದ್ದಳು. ಮುಗಿಯಿತು ಎಂದುಕೊಂಡೆ. ಆದರೆ ಅವಳು ಬಾಗಿಲ ಕಡೆ ತಿರುಗಲಿಲ್ಲ. ಕಟ್ಟೆಯ ಅಂಚಿಗೆ ಬಂದು, ನೋವಿನ ಕಾಲನ್ನು ಮೊದಲು ಇಳಿಸಿ, ಒಂದು ಮೆಟ್ಟಿಲು ಕೆಳಗೆ ಬಂದಳು. ಒಂದೇ ಮೆಟ್ಟಿಲು.

“ನಾನೂ ಅಲುಗೇನಿ” ಎಂದಳು.

ಚಿಗವ್ವನಿಗೆ ಅದರ ಅರ್ಥವಾಗಿರಲಿಕ್ಕಿಲ್ಲ. ಅರ್ಥವಾಗಬೇಕಾದದ್ದು ಆಗಿರಬೇಕು. ಅವಳು ಬನ್ನಿ ಹಿಡಿದ ಕೈ ಮುಂದೆ ಚಾಚಿ ಕಾಲು ಮುಟ್ಟಲು ಬಗ್ಗಿದಳು. ಅದೇ ಗಳಿಗೆಗೆ ಅವ್ವನೂ ಬಗ್ಗಿದಳು. ಇಷ್ಟು ವರ್ಷ ನಾ ದೊಡ್ಡಾಕಿ ನಾ ದೊಡ್ಡಾಕಿ ಎಂದವರು ಇಬ್ಬರೂ ಒಮ್ಮೆಗೇ ಸಣ್ಣವರಾಗಲು ಹೋಗಿ ಹಣೆಗೆ ಹಣೆ ಬಡಿದವು. ಬನ್ನಿ ಎಲೆ ಚೆಲ್ಲಿತು. ಇಬ್ಬರಿಗೂ ಮೊಣಕಾಲು ನೋವು, ಬಗ್ಗಿದವರು ಏಳಲಾರದೆ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಹಾಗೇ ನಿಂತರು.

“ಅಕ್ಕಾ” ಎಂದಿತು ಒಂದು ಕೊರಳು. “ಅಕ್ಕಾ” ಎಂದಿತು ಇನ್ನೊಂದು. ಒಬ್ಬಳು ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದನ್ನು ಅಂದಳು, ಇನ್ನೊಬ್ಬಳು ರೂಢಿಯಲ್ಲಿ ಅಂದಳು. ಮೊದಲು ಯಾರು ಅಂದರು ಎಂದು ಈಗಲೂ ವಾದವಿದೆ.

“ನಿನಗ ಹಂಗ ಅನಬೇಕಂತ ಭಾಳ ಅನಸ್ತಿತ್ತು” ಎಂದಳು ಚಿಗವ್ವ, ಅಳುತ್ತ. “ಅತ್ತಿ ಹೋದ ಮ್ಯಾಲರೆ ಅನಬೇಕಂತ ಮಾಡಿದ್ದೆ. ಅಷ್ಟೊತ್ತಿಗೆ ನಾಚಿಕಿ ಬಂದುಬಿಟ್ಟಿತ್ತು.”

ನಾನು ಸಕ್ಕರೆ ತಟ್ಟೆ ಕೆಳಗಿಟ್ಟು ಅತ್ತುಬಿಟ್ಟೆ. ಅಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಆ ಸಂಜೆ ಚಿಗವ್ವ ಹಿತ್ತಲಿಗೆ ಬಂದಳು. ನನ್ನ ಹೊರಸು ಅವಳಿಗೆ ಹೋಯಿತು. ಬೆಳದಿಂಗಳು ಸುಣ್ಣ ಬಳಿದಂತೆ ಬಿದ್ದಿತ್ತು, ಒಂದೆರಡು ನಕ್ಷತ್ರ ಬಿಟ್ಟರೆ ಏನೂ ಇಲ್ಲ. ಅವ್ವ ತಂಗಿಗೆ ಎಲ್ಲವನ್ನೂ ಹೇಳಿದಳು, ನಡುವೆ ಕೂತಿದ್ದು, ಸೊಕ್ಕು, ದಬ್ಬಾಟ. “ಎಲ್ಲೈತಿ ಅದು?” ಎಂದು ಚಿಗವ್ವ ಕೇಳಿದರೆ ಅವ್ವ ಬಡಗಣದ ಕಡೆ ಕೈಮಾಡಿ, ಎದುರು ಮಾತಿಲ್ಲದ ಧೈರ್ಯದಲ್ಲಿ, “ಅಲ್ಲೈತಿ ನೋಡು” ಎಂದಳು. ನಾನು ತಿದ್ದಲಿಲ್ಲ. ಇಬ್ಬರೂ ಆ ಖಾಲಿ ಬಡಗಣವನ್ನು ಬಹಳ ಹೊತ್ತು ನೋಡುತ್ತ ಮನೋಳಿಯ ಹೊಳೆಯ ಮಾತಾಡಿದರು.

ವಾರದೊಳಗೆ ಚಿಗವ್ವ ಹೋದಳು. ಸುರೇಬಾನದ ದಾರಿಯ ರಾಮದುರ್ಗದ ಬಸ್ಸಿಗೆ ಹತ್ತಿಸಲು ಯರಗಟ್ಟಿಯವರೆಗೆ ನಾವಿಬ್ಬರೂ ಹೋಗಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಮುಂದೆ ನಡೆದಳು, ಚಿಗವ್ವ ಚೀಲ ಹಿಡಿದು ಹಿಂದೆ ಬಂದಳು. ಬಸ್ಸು ಹೋದ ಮೇಲೆ ಅವ್ವ ಕಲ್ಲಿನ ಬೆಂಚಿನ ಮೇಲೆ ಕೂತು, ಅರ್ಧ ಹೊರಗೆ ಚಿಮ್ಮಿ ಹೋಗುತ್ತದೆ ಎಂದಿದ್ದೆಯಲ್ಲ, ಅದು ಮರಳಿ ಬರುವುದೇ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವಳು ತಲೆಯಾಡಿಸಿ, ಎದ್ದು ನಮ್ಮ ಬಸ್ಸಿನ ಕಡೆ ನಡೆದಳು.

ರಜೆ ಮುಗಿದು ನಾನು ಕಿತ್ತೂರಿನಲ್ಲಿ ಆ ಒಂದು ತಾಸಿನ ಪಾಠ ಮಾಡಿದೆ. ಮೊದಲು ಸೊಕ್ಕು ಎಂದೆ, ಆಮೇಲೆ ಕೋನೀಯ ಸಂವೇಗ ಎಂದೆ. ಹಿಂದಿನ ಬೆಂಚಿನ ಹುಡುಗಿ ತೃಪ್ತಿಯಿಂದ ನಕ್ಕಳು.

ಈಗ ದಿನಾ ದೀಪ ಹಚ್ಚುವ ಹೊತ್ತಿಗೆ ಸುರೇಬಾನದಿಂದ ಫೋನು ಬರುತ್ತದೆ. ಹಿಂದೆ ಎರಡು ಕೂಸುಗಳ ಚೀರಾಟ, ಅದರ ನಡುವೆ ಚಿಗವ್ವನ ಕೊರಳು.

“ಅಕ್ಕಾ.”

ಅವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿರುತ್ತಾಳೆ.

“ಅಕ್ಕಾ? ಕೇಳಸಾಕ ಹತ್ತೈತೇನ?”

“ಇಲ್ಲವಾ, ಒಟ್ಟಽ ಕೇಳಸವಲ್ಲದು” ಎನ್ನುತ್ತಾಳೆ ಅವ್ವ. “ಇನ್ನೊಮ್ಮಿ ಅನ್ನು.”

ನಮ್ಮವ್ವನ ಕಿವಿಗೆ ಏನೂ ಆಗಿಲ್ಲ.